ಬಿದಿರಿಗೆ ಕಟ್ಟಿದ ಜೋಳಿಗೆ, ತಾವು ಕುಡಿದ ಎಳನೀರು

ಮಾನ್ಯ ಮಕ್ಕಳ ಹಿತರಕ್ಷಣಾಧಿಕಾರಿಗಳೇ,

ಕಳೆದ ವಾರ ತಾವು ವಡಾಲದ ನಮ್ಮ ಚಾಳಿನೆದುರು ಏಳುತ್ತಿರುವ ಬಿಲ್ಡಿಂಗಿಗೆ ಬಂದು, ಎಳನೀರು ಕುಡಿದು, “ಇಲ್ಲಿ ಮಕ್ಕಳೇ ಇಲ್ಲವಲ್ಲ” ಎಂದು ಸಂತೋಷಪಟ್ಟು ಹೋದಿರಂತೆ. ಇದ್ದರು ಸ್ವಾಮಿ. ಕೂಲಿಯವರ ಆರೂ ಮಕ್ಕಳು ನನ್ನ ಖೋಲಿಯಲ್ಲಿ ತಲೆ ಬಾಚಿಸಿಕೊಂಡು, ಪೌಡರ್ ಹಚ್ಚಿಸಿಕೊಂಡು ತಮ್ಮನ್ನೇ ಕಾಯುತ್ತಿದ್ದರು.

ಅಂದು ಬೆಳಿಗ್ಗೆ ಅಲ್ಲಿಯ ಕೂಲಿಯವರ ಮೇಲ್ವಿಚಾರಣೆಯ ಮುಕಾದಮ ಖಂಡಪ್ಪ ಬಂದು, “ಅಕ್ಕಾರ, ಮಕ್ಕಳ ಸಾಹೇಬ್ರು ಬರಾಕತ್ಯಾರ. ಹುಡುಗರನ್ನ ನಿಮ್ಮ ಖೋಲ್ಯಾಗ ಕುಂದ್ರಸ್ಕೋರಿ, ಚಂದ ಕಾಣ್ತಾವು” ಎಂದ. ಮಕ್ಕಳ ಸಾಹೇಬರು ಮಕ್ಕಳನ್ನು ನೋಡದೆ ಹೋದಾರೆಯೇ? ಬಿ.ಎ. ಓದಿದ ನಾನು ನಂಬಿದೆ. ಅವಲಕ್ಕಿ ಕಲಸಿಟ್ಟು ಕಿಟಕಿಯಲ್ಲಿ ಇಣುಕಿದರೆ ತಮ್ಮ ಕಾರು ಹೊರಟೇಹೋಗಿತ್ತು! ಖಂಡಪ್ಪನನ್ನು ತರಾಟೆಗೆ ತೆಗೆದುಕೊಂಡೆ. “ಸಿಟ್ಟಿಗೇಳಬ್ಯಾಡ್ರೀ. ಸಾಹೇಬ್ರೂ ಖುಷಿ, ಬಿಲ್ಡಿಂಗ್ ಕಟ್ಟಸೋ ಸೇಠೂ ಖುಷಿ, ಹುಡುಗರಿಗೂ ಅವಲಕ್ಕಿ ಸಿಕ್ತು” ಎಂದು ಹಲ್ಲು ಕಿರಿದ.

ನನ್ನ ಮಗಳಿಗೆ ಹಲ್ಲು ಬರುತ್ತಿದೆ, ನನಗೆ ನಿದ್ದೆ ಬರುತ್ತಿಲ್ಲ. ಹಗಲು ಅವಳು ಮಲಗಿದಾಗಲಾದರೂ ಕಣ್ಣು ಮುಚ್ಚೋಣವೆಂದರೆ ಎದುರಿಗೇ ಎರಡನೇ ಮಾಳಿಗೆಯ ಸಾರವೆಯ ಬಿದಿರಿಗೆ ಗಾರೆ ಹೊರುವ ಹಾಲವ್ವ ಹಳೆಯ ಸೀರೆಯ ಜೋಳಿಗೆ ಕಟ್ಟಿರುತ್ತಾಳೆ. ಅದರಲ್ಲಿ ಅವಳ ಹತ್ತು ತಿಂಗಳ ಮಗ ನಿಂಗಣ್ಣ. “ಅಷ್ಟು ಮೇಲೆ ಯಾಕೆ ಮಾರಾಯ್ತಿ?” ಎಂದು ಗದರಿದರೆ, “ಕೆಳಗ ಲಾರಿ ತಿರಗ್ತಾವ, ಸುಣ್ಣದ ಹೊಂಡ ಐತಿ. ಮ್ಯಾಲಿದ್ರ ಕಣ್ಣಿಗಾರ ಕಾಣ್ತಾನಲ್ರೀ ಯವ್ವಾ” ಎನ್ನುತ್ತಾಳೆ. ಮೊನ್ನೆ ಯಾರೋ ಆ ಬಿದಿರಿನ ಇನ್ನೊಂದು ತುದಿಯ ಹಗ್ಗ ಬಿಚ್ಚಿದರು. ಜೋಳಿಗೆ ಜಾರಿತು. ಹಾಲವ್ವ ತಲೆಯ ಮೇಲಿನ ಗಾರೆಯ ಬುಟ್ಟಿ ಎಸೆದು ಹಾರಿ ಹಿಡಿದಳು. ಆಟವೆಂದುಕೊಂಡು ನಿಂಗಣ್ಣ ಕೇಕೆ ಹಾಕಿದ. ಗಾರೆ ಚೆಲ್ಲಿದ್ದಕ್ಕೆ ಅವಳಿಗೆ ಬೈಗಳು ಬಿದ್ದವು.

ಮಕ್ಕಳ ವರ್ಷವೆಂದು ಮಾಟುಂಗದಲ್ಲಿ ತಮಗೆ ಸನ್ಮಾನವಾದಾಗ ನಾನೂ ಚಪ್ಪಾಳೆ ತಟ್ಟಿದವಳೇ. “ದನಿಯಿಲ್ಲದ ಮಕ್ಕಳಿಗೆ ನಾನೇ ದನಿ” ಎಂದಿರಿ. ನಿಂಗಣ್ಣನಿಗೆ ದನಿಯಿಲ್ಲವೆಂದು ಯಾರು ಹೇಳಿದರು ಸ್ವಾಮಿ? ಅವನು ಅತ್ತರೆ ವಡಾಲ ಸ್ಟೇಷನ್ನಿನಲ್ಲಿ ಲೋಕಲ್ ನಿಲ್ಲಬೇಕು! ಅವನಿಗೆ ಬೇಕಾಗಿರುವುದು ಒಂದು ಜೊತೆ ಕಿವಿ.

ಅದೇ ಬಿಲ್ಡಿಂಗಿನ ಕೆಳಗೆ ಮುಗಿದ ಕೋಣೆಯೊಂದಿದೆ. ಅದರಲ್ಲಿ ಸಿಮೆಂಟ್ ಚೀಲಗಳು ನೆನೆಯದಂತೆ, ಗಾಳಿ ತಾಗದಂತೆ ಬಾಗಿಲು ಹಾಕಿಕೊಂಡು ಮಲಗಿವೆ. ಅವುಗಳ ಹಿತರಕ್ಷಣಾಧಿಕಾರಿ ಯಾರೋ, ಬಹಳ ಚುರುಕಿನವರು. ಆ ಕೋಣೆಯನ್ನು ಮಕ್ಕಳಿಗೆ ಬಿಡಿಸಿಕೊಡಿ. ನೋಡಿಕೊಳ್ಳಲು ಒಬ್ಬ ಹೆಂಗಸನ್ನು ಸೇಠನೇ ಇಡಲಿ. ಮುಂದಿನ ವಾರ ಬಿದಿರು ಮೂರನೇ ಮಾಳಿಗೆಗೆ ಏರುತ್ತದೆ. ಜೋಳಿಗೆಯೂ ಏರುತ್ತದೆ. ಅಷ್ಟರೊಳಗೆ ಬನ್ನಿ, ಯಾರಿಗೂ ತಿಳಿಸದೆ ಬನ್ನಿ. ಎಳನೀರು ಸಿಗಲಿಕ್ಕಿಲ್ಲ. ಕತ್ತೆತ್ತಿ ಮೇಲೆ ನೋಡಿದರೆ ಸಾಕು, ಮಗು ಕಾಣುತ್ತದೆ.

ಇಂತಿ,
ತಮ್ಮ ಕೆಲಸವನ್ನು ಕಿಟಕಿಯಿಂದಲೇ ಮಾಡಿ ದಣಿದಿರುವ
ವಾರಿಜಾ, ವಡಾಲ, ಮುಂಬಯಿ