ಸತ್ತ ಮಾಯಿಗಯ್ಯನ ಸಹಿ ಕೇಳುವವರಿಗೆ

ಉಚಿತ ಕಾನೂನು ನೆರವಿನ ಹೊಣೆ ಹೊತ್ತ ಅಧಿಕಾರಿಗಳಿಗೆ,

ಮಾನ್ಯರೇ,

ಜಾಮೀನು ಸಿಕ್ಕಿರುವ ಮನುಷ್ಯನೊಬ್ಬ ಇನ್ನೂ ಜೈಲಿನಲ್ಲಿದ್ದಾನೆ. ನನ್ನ ದೂರು ಇಷ್ಟೇ. ಮುಂದಿನ ವಿಚಾರಣೆಯ ದಿನ, ಮಾಡದ ಕಳ್ಳತನವನ್ನು ಮಾಡಿದೆನೆಂದು ಒಪ್ಪಿಕೊಳ್ಳಲು ಅವನು ತೀರ್ಮಾನಿಸಿದ್ದಾನೆ. ಆ ದಿನ ಬರುವ ಮೊದಲು ತಾವಿದನ್ನು ಓದಲಿ ಎಂದು ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ. ಕಚೇರಿಗೆ ಕೊಟ್ಟ ಮನವಿಗೆ ಉತ್ತರ ಬಂದಿಲ್ಲ.

ಅವನ ಹೆಸರು ಚಿಕ್ಕಸ್ವಾಮಿ. ಚಿನಕುರಳಿ ಕಡೆಯ ಟ್ರಾಕ್ಟರು ಡ್ರೈವರು. ಮಾಲೀಕ ತೋರಿಸಿದ ಕಡೆ ಕಲ್ಲು ತುಂಬಿಕೊಂಡು, ಹೇಳಿದ ಕಡೆ ಸುರಿದು ಬರುವುದು ಅವನ ಕೆಲಸ. ಪರ್ಮಿಟ್ಟು ಇದೆಯೇ ಎಂದು ಒಮ್ಮೆ ಕೇಳಿದ್ದನಂತೆ. “ಐತೆ ಕಣ್ಲಾ, ಅದ್ಯಾಕ್ ನಿಂಗೆ? ಗೇರ್ ಆಕು” ಎಂದಿದ್ದ ಮಾಲೀಕ. ಪರ್ಮಿಟ್ಟು ಇರಲಿಲ್ಲ. ದಾರಿಯಲ್ಲಿ ಲೋಡು ಸಿಕ್ಕಿಬಿತ್ತು, ಕಲ್ಲು ಕದ್ದ ಆರೋಪ ಸೀಟಿನ ಮೇಲೆ ಕೂತಿದ್ದವನ ಮೇಲೆ ಬಿತ್ತು. ಮಾಲೀಕನ ಹೆಸರೂ ಕೇಸಿನಲ್ಲಿದೆ. ಆತ ನಿರೀಕ್ಷಣಾ ಜಾಮೀನು ಪಡೆದು ಜೈಲಿನ ಗೇಟನ್ನೂ ನೋಡದೆ ಮನೆಯಲ್ಲಿದ್ದಾನೆ. ಬಾಂಡು ಬರೆಸಿಕೊಂಡು ಟ್ರಾಕ್ಟರನ್ನೂ ಬಿಟ್ಟಿದ್ದಾರೆ. ಅದೀಗ ಬೇರೊಬ್ಬ ಡ್ರೈವರನ್ನು ಹೊತ್ತು ಚಿಕ್ಕಸ್ವಾಮಿಯ ಮನೆಯ ಮುಂದೆಯೇ ಓಡಾಡುತ್ತದೆ. ಆ ಸದ್ದು ಕೇಳಿದರೆ ಅವನ ಹೆಂಡತಿ ಯಶೋದಮ್ಮ ಬಾಗಿಲು ಹಾಕಿಕೊಳ್ಳುತ್ತಾರೆ.

ನ್ಯಾಯಾಲಯ ಚಿಕ್ಕಸ್ವಾಮಿಗೂ ಜಾಮೀನು ಕೊಟ್ಟಿತು. ಷರತ್ತು ಒಂದೇ: ತಮ್ಮ ಹೆಸರಿನಲ್ಲಿ ಜಮೀನಿನ ಪಹಣಿ ಇರುವ ಸ್ಥಳೀಯರೊಬ್ಬರು ಹೊಣೆ ನಿಲ್ಲಬೇಕು. ನಾಲೆ ನೀರು ಹರಿಯುವ ಊರಿನಲ್ಲಿ ಜಮೀನಿರುವವರಿಗೇನು ಕೊರತೆ ಎಂದು ತಮಗನ್ನಿಸಬಹುದು. ನನಗೂ ಹಾಗೇ ಅನ್ನಿಸಿತ್ತು.

ಪಕ್ಕದ ಮನೆಯ ದ್ಯಾವಯ್ಯ ಮುಂದೆ ಬಂದರು. ಅವರ ಗದ್ದೆ ಉಳುತ್ತಿದ್ದವನು ಚಿಕ್ಕಸ್ವಾಮಿಯೇ. ಇಸ್ತ್ರಿ ಶರಟು ಹಾಕಿಕೊಂಡು, ಪಹಣಿ ಹಿಡಿದು, ನನ್ನ ಸ್ಕೂಟರಿನಲ್ಲಿ ನ್ಯಾಯಾಲಯಕ್ಕೆ ಬಂದರು. ಗುಮಾಸ್ತರು ಪಹಣಿ ನೋಡಿದರು.

“ಇಲ್ಲಿ ಮಾಯಿಗಯ್ಯ ಅಂತಿದೆ. ಯಾರ್ರೀ ಇದು?”

“ನಮ್ಮಪ್ಪ ಸಾ.”

“ಹಾಗಾದ್ರೆ ಅವರನ್ನೇ ಕರ್ಕೊಂಡು ಬನ್ನಿ.”

“ಎಲ್ಲಿಂದ ಕರ್ಕಬರ್ಲಿ ಸಾ? ಗದ್ದೆ ತಲೇಲಿ ನಾನೇ ಮಣ್ಣು ಮಾಡಿವ್ನಿ. ನೀವೇ ಬಂದು ಒಂದ್ಸಲ ಕೂಗಿ. ಎದ್ದು ಬಂದ್ರೆ ಸೈನ್ ಆಕುಸ್ಕಳಿ.”

ಸುತ್ತ ನಿಂತವರು ನಕ್ಕರು. ಗುಮಾಸ್ತರೂ ನಕ್ಕರು. ಪಹಣಿ ಮಾತ್ರ ವಾಪಸು ಬಂತು. ನಿಯಮದ ಪ್ರಕಾರ ಅವರದು ತಪ್ಪಲ್ಲ.

ತಪ್ಪು ಖಾತೆ ಬದಲಿಸದ ದ್ಯಾವಯ್ಯನವರ ಸೋಮಾರಿತನದ್ದೇ? ಪಾಂಡವಪುರದಿಂದ ಕೆ.ಆರ್. ಪೇಟೆ, ನಾಗಮಂಗಲದವರೆಗೆ ಯಾವ ಊರಿನಲ್ಲಾದರೂ ಪಹಣಿ ತೆಗೆಸಿ ನೋಡಿ. ತೀರಿಹೋದ ಅಪ್ಪಂದಿರು, ತಾತಂದಿರು ಇನ್ನೂ ಬೆಳೆ ಬೆಳೆಯುತ್ತಿರುತ್ತಾರೆ. ಮಕ್ಕಳು ಬದು ಹಾಕಿಕೊಂಡು ಬೇರೆಬೇರೆ ಉಳುತ್ತಾರೆ, ಖಾತೆ ಬದಲಿಸುವುದಿಲ್ಲ. ನಮ್ಮಲ್ಲಿ ಖಾತೆ ಮಾಡಿಸೋಣ ಎನ್ನುವುದು ಪಾಲು ಕೊಡು ಎಂದಂತೆ. ಹೆಸರು ಅಪ್ಪನದೇ ಇರುವವರೆಗೆ ಮನೆ ಒಂದೇ ಎಂಬ ಮರ್ಯಾದೆ. ಆ ಮರ್ಯಾದೆಯ ಬೆಲೆಯನ್ನು ಈಗ ಚಿಕ್ಕಸ್ವಾಮಿ ತೆರುತ್ತಿದ್ದಾನೆ.

ಆದರೂ ದ್ಯಾವಯ್ಯ ಅಂದು ಸಂಜೆಯೇ ಅಣ್ಣನ ಮನೆಗೆ ಹೋಗಿ ಖಾತೆಯ ಮಾತು ತೆಗೆದರು. “ಡ್ರೈವರ್ ನೆಪ ಮಾಡ್ಕಂಡು ಪಾಲು ಕೇಳಕ್ ಬಂದ್ಯೇನ್ಲಾ?” ಎಂದರು ಅಣ್ಣ. ಈಗ ಇಬ್ಬರಿಗೂ ಮಾತಿಲ್ಲ.

ಪಹಣಿ ವಾಪಸಾದ ದಿನವೇ ಹೊರಗೆ ಮರದಡಿ ಒಬ್ಬಾತ ನಮ್ಮನ್ನು ತಡೆದಿದ್ದ. “ನನ್ನೆಸ್ರಲ್ಲೇ ಪಹಣಿ ಐತೆ ಕಣಣ್ಣ. ಏನೋ ನೋಡಿ ಕೊಟ್ಬುಡಿ, ಸೈನ್ ಆಕ್ತೀನಿ. ಒಳಗಿರೋನ ಹೆಸ್ರು ಏನಂದ್ರಿ?” ಚಿಕ್ಕಸ್ವಾಮಿಯನ್ನು ಕಂಡೇ ಇಲ್ಲದ ಈತನನ್ನು ನಿಯಮ ನಂಬುತ್ತದೆ, ಪಕ್ಕದ ಮನೆಯ ದ್ಯಾವಯ್ಯನವರನ್ನು ನಂಬುವುದಿಲ್ಲ. ಊರಿಗೆ ಮರಳಿ ಇದನ್ನು ಹೇಳಿದಾಗ ಯಶೋದಮ್ಮ ಒಪ್ಪಲಿಲ್ಲ. “ನಮ್ಮನೆಯವ್ರು ಒಂದ್ ಸುಳ್ಳಿಂದ ಒಳಗವ್ರೆ. ಇನ್ನೊಂದ್ ಸುಳ್ಳೇಳಿ ಆಚೆ ತರಕಿಲ್ಲ ಬುಡಿ” ಎಂದರು. ಆ ಮಾತಿಗೆ ತಲೆದೂಗಿದ ನಾನು ಮನೆಗೆ ಬಂದು ಮಲಗಿದೆ. ಅವನು ಜೈಲಿನಲ್ಲೇ ಮಲಗಿದ.

ಸ್ಥಳೀಯರೇ ಹೊಣೆ ನಿಲ್ಲಬೇಕೆಂಬ ಷರತ್ತು ಬಿಡುಗಡೆಗೆ ಅಡ್ಡಿಯಾಗುತ್ತದೆ ಎಂದು ಸರ್ವೋಚ್ಚ ನ್ಯಾಯಾಲಯವೇ ಹೇಳಿದೆ. ಜಾಮೀನಾಗಿ ತಿಂಗಳಾದರೂ ಬಾಂಡು ಕೊಡಲಾಗದಿದ್ದರೆ ಷರತ್ತು ಸಡಿಲಿಸುವುದನ್ನು ಪರಿಶೀಲಿಸಬಹುದು ಎಂದೂ ಹೇಳಿದೆ. ಪತ್ರಿಕೆಯಲ್ಲಿ ಓದಿ ನನಗೆ ಗೊತ್ತಾದ ಈ ಸಂಗತಿ ತಮ್ಮ ಕಚೇರಿಗೆ ಇನ್ನೂ ತಲುಪಿಲ್ಲವೇ? ಚಿಕ್ಕಸ್ವಾಮಿಗೆ ತಾವು ಕೊಟ್ಟ ವಕೀಲರು ಅವನಿಗೆ ಸಿಕ್ಕಿರುವುದು ನ್ಯಾಯಾಲಯದ ಪಡಸಾಲೆಯಲ್ಲಿ, ಹೆಸರು ಕೂಗುವ ಗಡಿಬಿಡಿಯಲ್ಲಿ ಮಾತ್ರ. ಷರತ್ತು ಸಡಿಲಿಸಲು ಒಂದು ಅರ್ಜಿ ಹಾಕಲೂ ಅವರಿಗೆ ಬಿಡುವಾಗಿಲ್ಲ. ಅವನಿಗೆ ಪುರಸೊತ್ತಾಗಿ ಕಾನೂನು ಸಲಹೆ ಕೊಟ್ಟವನು ಜೊತೆಯ ಕೈದಿ: ತಪ್ಪು ಒಪ್ಪಿಕೊಂಡರೆ, ಒಳಗಿದ್ದ ಕಾಲವನ್ನೇ ಶಿಕ್ಷೆಯೆಂದು ಎಣಿಸಿ ಬಿಟ್ಟುಬಿಡುತ್ತಾರೆ.

ಹೋದ ವಾರ ಭೇಟಿಗೆ ಹೋದ ಹೆಂಡತಿಗೆ ಚಿಕ್ಕಸ್ವಾಮಿ ಅದನ್ನೇ ಹೇಳಿದ.

“ತಪ್ಪಾಯ್ತು ಅಂದ್ಬುಡ್ತೀನಿ ಕಣಮ್ಮಿ.”

“ಮಾಡ್ದೇ ಇರೋದ್ಕಾ?”

“ಮಾಡ್ದೇ ಇರೋದ್ಕೇ ತಾನೆ ಇಲ್ಲಿರೋದು?”

ಈ ಪ್ರಶ್ನೆಗೆ ತಮ್ಮ ಬಳಿ ಉತ್ತರವಿದೆಯೇ? ಅವನು ಹಾಗೆ ಹೇಳಿದ ದಿನ, ಆರೋಪಿ ಯಾರ ಒತ್ತಾಯವೂ ಇಲ್ಲದೆ ತಪ್ಪೊಪ್ಪಿಕೊಂಡನೆಂದು ದಾಖಲಾಗುತ್ತದೆ. ಆಮೇಲೆ ಕಳ್ಳನೆಂಬ ಹೆಸರು ಹೊತ್ತವನ ಕೈಗೆ ಯಾರು ಟ್ರಾಕ್ಟರಿನ ಕೀಲಿ ಕೊಡುತ್ತಾರೆ?

ಆದೇಶ ಬದಲಿಸುವುದು ನ್ಯಾಯಾಧೀಶರ ಕೆಲಸ, ಗೊತ್ತು. ಆದರೆ ಕೇಳಿಕೊಳ್ಳುವುದು ತಮ್ಮ ವಕೀಲರ ಕೆಲಸ. ವಿಚಾರಣೆಗೆ ಮೊದಲು ಅವರನ್ನು ಜೈಲಿಗೆ ಕಳಿಸಿ, ಚಿಕ್ಕಸ್ವಾಮಿಯ ಎದುರು ಕೂತು ಮಾತನಾಡಲಿ. ಅವನ ಸ್ವಂತ ಬಾಂಡಿನ ಮೇಲೆ ಬಿಡುವಂತೆ ಅರ್ಜಿ ಹಾಕಿಸಿ. ಅದಾಗದಿದ್ದರೆ ವಂಶವೃಕ್ಷ ನೋಡಿ ವಾರಸುದಾರನ ಹೊಣೆ ಒಪ್ಪುವಂತೆ ಕೇಳಿಕೊಳ್ಳಲು ಹೇಳಿ. ಮಾಯಿಗಯ್ಯ ಬರುವುದಿಲ್ಲ. ತಾವು ಕರೆದ ದಿನ ದ್ಯಾವಯ್ಯ ಬರುತ್ತಾರೆ. ಬದುಕಿರುವವರ ಸಹಿ ಪಡೆಯಿರಿ.

ಇಂತಿ,
ಬಾಡಿಗೆ ಅಂಗಡಿಯಲ್ಲಿ ಬಲ್ಬು ಮಾರುವವನಾದ್ದರಿಂದ ಯಾರಿಗೂ ಹೊಣೆ ನಿಲ್ಲಲಾಗದ,
ಆದರೆ ಚಿಕ್ಕಸ್ವಾಮಿಯನ್ನು ಬಲ್ಲ,
ಶಿವಶಂಕರ್
ಚಿನಕುರಳಿ