ಕೂಗಬಾರದ ದಿನಗಳು

ಜನವರಿ 9, ಬೆಳಿಗ್ಗೆ

ಪ್ರಾಕ್ಟೀಸ್‌ಗೆ ಮತ್ತೆ ಇಬ್ಬರು ತಡ. ಬಾಸ್ಕೆಟ್‌ಬಾಲ್ ಕೋರ್ಟ್ ಸುತ್ತ ಓಡಿಸಿದೆ. ಏಣಿ ಓಡುತ್ತಲೇ ಆಕಳಿಸುತ್ತಿದ್ದಳು. ಆರಡಿ ಹುಡುಗಿ, ಅದಕ್ಕೇ ಆ ಅಡ್ಡಹೆಸರು. ಬಾಯಿ ತೆರೆದರೆ ತಗಡಿನ ಕೆಳಗಿನ ಪಾರಿವಾಳಗಳೂ ಹಾರಿಹೋಗಬೇಕು. ಬೈಯಲು ಹೋದೆ, ಅರ್ಧ ಮಾತು ಬರೀ ಗಾಳಿಯಾಯಿತು. ಹುಡುಗಿಯರು ಕಿಸಕ್ಕೆಂದರು. ನಗಲಿ. ಮೂರು ತಿಂಗಳಿಂದ ಇದೇ ಗೋಳು. ಉಪ್ಪುನೀರು ಮುಕ್ಕಳಿಸಿ ಮುಕ್ಕಳಿಸಿ ನಾಲಿಗೆ ಜಡ್ಡುಗಟ್ಟಿದೆ.

ಸಂಜೆ ಡಾಕ್ಟರ್ ಹತ್ತಿರ ಹೋಗಬೇಕಂತೆ. ಬುಗುರಿಯೇ ಫೋನ್ ಮಾಡಿ ಟೈಮ್ ತೆಗೆದುಕೊಂಡಿದ್ದಾಳೆ. ನನ್ನ ಮೊದಲ ಬ್ಯಾಚಿನ ಹುಡುಗಿ, ಈಗ ನನ್ನ ಅಸಿಸ್ಟೆಂಟ್. ಬಾಲ್ ಹಿಡಿದು ಒಂಟಿ ಕಾಲಿನ ಮೇಲೆ ಗಿರ್ರನೆ ತಿರುಗುತ್ತಿದ್ದಳು. ಈಗ ಎರಡು ಮಕ್ಕಳ ತಾಯಿ, ಆದರೂ ಆ ಹೆಸರು ಹೋಗಿಲ್ಲ.

ಅದೇ ದಿನ, ಸಂಜೆ

ಮೂಗಿನಲ್ಲಿ ನಳಿಕೆ ತೂರಿಸಿದರು. ಪರದೆಯ ಮೇಲೆ ನನ್ನ ಗಂಟಲು. ಎರಡು ಬಿಳಿ ಪಟ್ಟಿ, ಒಂದರ ಮೇಲೆ ಕೆಂಪಗೆ ಗುಳ್ಳೆ.

"ಏನ್ ಕೆಲಸ ಮಾಡ್ತೀರಿ?"

"ಕೂಗ್ತೀನಿ."

ಡಾಕ್ಟರ್ ನಕ್ಕರು. ನಾನು ತಮಾಷೆ ಮಾಡಿರಲಿಲ್ಲ.

ಆಪರೇಷನ್ ಆಗಬೇಕು, ಬರುವ ವಾರವೇ ಎಂದರು. ಆಗುವುದಿಲ್ಲ ಎಂದೆ. ಫೆಬ್ರವರಿ ಇಪ್ಪತ್ತಕ್ಕೆ ಮ್ಯಾಚ್ ಇದೆ. ಗೆದ್ದರೆ ಮೇಲಿನ ಹಂತ, ಎ ಗುಂಪು. ನಮ್ಮ ಕಾಲೇಜಿನ ಹುಡುಗಿಯರು ಇವತ್ತಿನವರೆಗೆ ಕಾಲಿಡದ ಜಾಗ. ಹದಿನೇಳು ವರ್ಷ ನಾನು ಬಾಗಿಲು ಬಡಿದ ಜಾಗ. ಅವರು ಪೆನ್ನು ಕುಟ್ಟುತ್ತಾ ಕೇಳಿಸಿಕೊಂಡರು.

"ಸರಿ, ಆಮೇಲೇ ಮಾಡೋಣ. ಆದರೆ ಅಲ್ಲೀವರೆಗೂ ಬಾಯಿಗೆ ಬೀಗ. ಪಿಸುಗುಟ್ಟೋದೂ ಬೇಡ. ಆಪರೇಷನ್ ಆದ ಮೇಲೆ ಇನ್ನೂ ಎರಡು ವಾರ ಹೀಗೇ. ಆ ಎರಡು ವಾರ ಅಂತೂ ಒಂದು ಸಲ ಜೋರಾಗಿ ಕೂಗಿದ್ರೂ ಗಾಯ ಹರಿಯುತ್ತೆ. ಹರಿದ್ರೆ ಹೋದ ದನಿ ವಾಪಸ್ ಬರಲ್ಲ."

ಕೆಟ್ಟ ಗಡ್ಡೆಯಾ ಎಂದು ಕೇಳಿದೆ. ತೆಗೆದು ಪರೀಕ್ಷೆಗೆ ಕಳಿಸಿದ ಮೇಲೆ ತಿಳಿಯುವುದು ಎಂದರು.

ಅಪ್ಪ ಹೋದದ್ದು ಗಂಟಲಿನ ಗಡ್ಡೆಯಿಂದಲೇ. ಅಮ್ಮನಿಗೆ ಹೇಳುವುದಿಲ್ಲ. ಆ ಪದ ಕಿವಿಗೆ ಬಿದ್ದರೆ ಊಟ ಬಿಡುತ್ತಾಳೆ.

ಜನವರಿ 10

ಮೌನದ ಮೊದಲ ದಿನ, ಆಗಲೇ ಎಡವಟ್ಟು.

ನಿನ್ನೆ ಆಸ್ಪತ್ರೆಗೆ ಹೊರಡುವ ಮುಂಚೆ ಅಮ್ಮನ ಮೇಲೆ ರೇಗಿದ್ದೆ. ಕಿವಿಯ ಮಿಷನ್ ಸೊಂಯ್ ಅನ್ನುತ್ತದೆಂದು ಕಿತ್ತು ಡಬ್ಬಿಗೆ ಹಾಕಿದ್ದಾಳೆ. ಅದಿಲ್ಲದೆ ಅವಳಿಗೆ ಕೇಳುವುದು ಪ್ರಪಂಚದಲ್ಲಿ ನನ್ನ ದನಿ ಒಂದೇ. ಕೋರ್ಟಿನ ಈ ತುದಿಯಿಂದ ಆ ತುದಿಗೆ ಮುಟ್ಟುವ ದನಿ ಅಲ್ಲವೇ. ಅಕ್ಕ ಬಂದು ಕಿರುಚಿದರೂ "ಏನೋ ಗೊಣಗ್ತಾಳೆ" ಅನ್ನುತ್ತಾಳೆ. "ಹೇಳಿ ಹೇಳಿ ಸಾಕಾಯ್ತು, ಇನ್ನು ನಿನಗೆ ಏನೂ ಹೇಳಲ್ಲ" ಅಂದುಬಿಟ್ಟೆ. ಸಿಟ್ಟಿನ ಮಾತು.

ಇವತ್ತು ಬೆಳಿಗ್ಗೆಯಿಂದ ಬಾಯಿ ಬಿಟ್ಟಿಲ್ಲ. ಅಮ್ಮ ಮಧ್ಯಾಹ್ನದವರೆಗೆ ಕಾದಳು.

"ಅಂದಿದ್ದನ್ನ ಮಾಡೇ ತೋರಿಸ್ತಾ ಇದ್ದೀಯ, ಅಲ್ವಾ?"

ಇಲ್ಲ ಇಲ್ಲ ಎಂದು ತಲೆ ಅಲ್ಲಾಡಿಸಿದೆ. ದಪ್ಪ ಅಕ್ಷರದಲ್ಲಿ 'ಶೀತ' ಎಂದು ಬರೆದು ಹಿಡಿದೆ. ಕಣ್ಣಿಗೆ ಪೊರೆ ಬಂದಿದೆ, ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನನ್ನ ಕೈಗೇ ಕೊಟ್ಟಳು. ಗಂಟಲು ಮುಟ್ಟಿ ತೋರಿಸಬಹುದಿತ್ತು. ಅದೊಂದನ್ನು ಮಾಡಲಾರೆ.

ಜನವರಿ 12

ಏನಾಗಿದೆ ಎಂದು ಹುಡುಗಿಯರಿಗೆ ಬುಗುರಿ ಹೇಳಿದಳು. ಆಮೇಲೆ ಐದೈದು ಜನರ ಎರಡು ಗುಂಪು ಮಾಡಿ ಆಡಿಸಿದಳು. ನಾನು ಗೆರೆಯ ಹೊರಗೆ, ಕೈ ಕಟ್ಟಿ.

ಕಂಡದ್ದನ್ನು ಬರೆಯಲೂ ನಾಚಿಕೆ.

ಗುಬ್ಬಿ ನಮ್ಮ ಕ್ಯಾಪ್ಟನ್, ಚಿಕ್ಕವಳು, ಚುರುಕು, ಬಾಲ್ ಇರುವವಳ ಬೆನ್ನು ಬಿಡುವುದಿಲ್ಲ. ಅವಳ ದಾರಿಗೆ ಅಡ್ಡವಾಗಿ ಎದುರಾಳಿಯೊಬ್ಬಳು ಬಂದು ಕಂಬದ ಹಾಗೆ ನಿಂತಳು. ಇದಕ್ಕೆ ಸ್ಕ್ರೀನ್ ಅನ್ನುತ್ತೇವೆ. ಬೆನ್ನ ಹಿಂದಿನದು ಗುಬ್ಬಿಗೆ ಕಾಣದು, ಹಿಂದಿರುವ ಏಣಿ "ಎಡಕ್ಕೆ ಸ್ಕ್ರೀನ್" ಎಂದು ಹೇಳಬೇಕು. ಏಣಿ ಹೇಳಲಿಲ್ಲ. ಗುಬ್ಬಿ ಅವಳಿಗೆ ಡಿಕ್ಕಿ ಹೊಡೆದು ಬಿದ್ದಳು. ಮತ್ತೆ ಬಿದ್ದಳು. ಪ್ರತಿ ಸಲ ಎದ್ದು ನನ್ನ ಕಡೆ ನೋಡಿದಳು. ಎಲ್ಲರೂ ನನ್ನ ಕಡೆಗೇ ನೋಡುತ್ತಿದ್ದರು.

ಹತ್ತು ಹುಡುಗಿಯರ ಹಾಲ್‌ನಲ್ಲಿ ಶೂಗಳ ಕಿರ್ ಕಿರ್ ಬಿಟ್ಟು ಸದ್ದಿಲ್ಲ. ಇಷ್ಟು ವರ್ಷ ಇದು ನನಗೆ ಕೇಳಿಸಲೇ ಇಲ್ಲ, ನಾನೇ ಕೂಗುತ್ತಿದ್ದೆನಲ್ಲ. ಎಡಕ್ಕೆ, ಬಲಕ್ಕೆ, ಬಿಡು, ಹಿಡಿ — ಎಲ್ಲರ ಮಾತನ್ನೂ ನಾನೇ ಆಡಿದೆ.

ನಾನು ಕೆಲಸಕ್ಕೆ ಬಂದಾಗ ಇಲ್ಲಿ ಇದ್ದದ್ದು ಒಂದು ರಿಂಗ್, ಅದಕ್ಕೂ ಬಲೆ ಇಲ್ಲ. ಹುಡುಗರು ಆಡಿ ದಣಿದು ಬಿಟ್ಟ ಮೇಲೆ ನಮ್ಮ ಸರದಿ. ಐದು ಜನ ಸೇರಿಸಲು ಕ್ಲಾಸ್ ಕ್ಲಾಸ್ ಅಲೆದೆ. ಎತ್ತರದ ಹುಡುಗಿ ಕಂಡರೆ ಬಸ್ ಸ್ಟಾಪಿನಲ್ಲೂ ಬಿಡುತ್ತಿರಲಿಲ್ಲ. ಅವರ ಅಪ್ಪಂದಿರ ಮುಂದೆ ಕೂತು ಗಂಟೆಗಟ್ಟಲೆ ಗೋಗರೆದೆ. ಟೀಮ್ ಕಟ್ಟಿದ್ದೇನೆ ಎಂದು ಎದೆಯುಬ್ಬಿಸಿಕೊಂಡು ತಿರುಗಿದೆ. ಕಟ್ಟಿದ್ದು ಇದೇನಾ... ಒಂದು ಗಂಟಲನ್ನು ನಂಬಿದ ಟೀಮ್?

ಜನವರಿ 14

ಬುಗುರಿಯೂ ಅದನ್ನೇ ಕಂಡಿದ್ದಾಳೆ. ಯಾಕೆ ಮಾತಾಡುವುದಿಲ್ಲ ಎಂದು ಹುಡುಗಿಯರನ್ನು ಕೂರಿಸಿಕೊಂಡು ಕೇಳಿದಳು. ಒಬ್ಬರನ್ನೊಬ್ಬರು ಮೊಣಕೈಯಿಂದ ತಿವಿದರು. ಕೊನೆಗೆ ಗುಬ್ಬಿ ನನ್ನ ಕಡೆ ತಿರುಗಿ:

"ಮನೇಲಿ ಜೋರಾಗಿ ಮಾತಾಡಿದ್ರೆ ಬೈತಾರೆ ಮೇಡಂ. ಇಲ್ಲೂ... ಬಾಯ್ಮುಚ್ಕೊಂಡು ಆಡಿ ಅಂತ ನೀವೇ ಅಂತಿದ್ರಿ."

ಅಂದದ್ದು ನಿಜ. ದಿನಾ ಅನ್ನುತ್ತಿದ್ದೆ.

ಜನವರಿ 21

ಮೊನ್ನೆ ಒಂದು ಉಪಾಯ ಹೊಳೆಯಿತು. ಕುರ್ಚಿಯನ್ನು ಗೋಡೆಗೆ ತಿರುಗಿಸಿ ಹಾಕಿಕೊಂಡೆ. ಕೋರ್ಟಿಗೆ ಬೆನ್ನು, ಕೈಯಲ್ಲಿ ಸೀಮೆಸುಣ್ಣ. ಹುಡುಗಿಯರ ಮಾತು ಕೇಳಿಯೇ ಬಾಲ್ ಎಲ್ಲಿದೆಯೆಂದು ಗೋಡೆಯ ಮೇಲೆ ಗುರುತು ಹಾಕುತ್ತೇನೆ. ತಪ್ಪಿದರೆ ಬುಗುರಿ ಸೀಟಿ ಊದುತ್ತಾಳೆ, ಆಟ ಮೊದಲಿನಿಂದ.

ಮೊದಲ ದಿನ ಗೋಡೆ ಖಾಲಿ. ಎರಡನೇ ದಿನ ಯಾರೋ ಕೆಮ್ಮಿದರು, ಅದನ್ನೇ ಗುರುತು ಹಾಕಿದೆ, ಎಲ್ಲರೂ ನಕ್ಕರು. ಇವತ್ತು ಏಣಿ ಬಾಯಿ ಬಿಟ್ಟಳು. "ಗುಬ್ಬೀ, ಎಡಕ್ಕೇ!" ಎಂಥಾ ಗಂಟಲು ಆ ಹುಡುಗಿಯದು. ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ದಳೋ. ಗೋಡೆ ನೋಡುತ್ತಾ ಕಣ್ಣು ತುಂಬಿತು. ಯಾರಿಗೂ ಕಾಣಲಿಲ್ಲ, ಅಷ್ಟು ಒಳ್ಳೆಯದು.

ಫೆಬ್ರವರಿ 3

ಅಮ್ಮ ಈಗ ನನ್ನೊಡನೆ ಮಾತಾಡುವುದನ್ನೂ ಕಡಿಮೆ ಮಾಡಿದ್ದಾಳೆ. ಬದಲಿಗೆ ಪಾತ್ರೆಗಳೊಡನೆ ಮಾತಾಡುತ್ತಾಳೆ. "ನಮ್ಮನ್ನ ಯಾರು ಕೇಳ್ತಾರೆ, ಮೂಲೇಲಿ ಬಿದ್ದಿರೋರು," ಎಂದು ಹಾಲಿನ ಪಾತ್ರೆಗೆ ಹೇಳಿದಳು, ನನಗೆ ಕೇಳುವ ಹಾಗೆ.

ಬುಗುರಿ ಮನೆಗೆ ಬಂದು ಕಿವಿಯ ಹತ್ತಿರ ಕೂಗಿ ಸಮಾಧಾನ ಹೇಳಲು ನೋಡಿದಳು. ಒಂದಕ್ಷರ ಕೇಳಲಿಲ್ಲ. ಆದರೆ ನನ್ನ ಪರ ವಕಾಲತ್ತು ಎಂದು ಅಮ್ಮನಿಗೆ ಗೊತ್ತಾಯಿತು.

"ನಿಮ್ಮ ಮೇಡಂ ಹೇಳಿ ಕಳಿಸಿದ್ಲಾ? ಯಾಕೆ, ಅವಳಿಗೆ ಬಾಯಿಲ್ವಾ?"

ಬುಗುರಿ ನನ್ನ ಮುಖ ನೋಡಿದಳು. ಇಬ್ಬರಿಗೂ ನಗು ಬಂತು, ನಗುವಂತಿರಲಿಲ್ಲ. ಅವಳು ಹೋದ ಮೇಲೆ ಅಮ್ಮನ ಕಾಲು ಒತ್ತಿದೆ. ಕಾಲು ಎಳೆದುಕೊಳ್ಳಲಿಲ್ಲ. ಕ್ಷಮಿಸಲೂ ಇಲ್ಲ.

ಫೆಬ್ರವರಿ 20, ಸಂಜೆ

ಗೆದ್ದೆವು.

ಮೂರು ಪಾಯಿಂಟ್ ಅಂತರ. ಎ ಗುಂಪು.

ಹಾಲ್ ತುಂಬಾ ನಮ್ಮ ಹುಡುಗಿಯರದೇ ಗದ್ದಲ. "ಬಾಲ್ ಬಾಲ್!", "ನಾನಿದ್ದೀನಿ, ಹೋಗು!" ಎದುರು ಟೀಮಿನ ಕೋಚ್ ರೆಫರಿಯ ಹತ್ತಿರ ದೂರು ಹೇಳಿದ, ಇವರು ಬಾಯಿ ಮುಚ್ಚುವುದೇ ಇಲ್ಲ ಎಂದು. ಕೊನೆಯ ನಿಮಿಷ ಗುಬ್ಬಿ ಬೆನ್ನು ತಿರುಗಿಸಿಕೊಂಡೇ ಸ್ಕ್ರೀನ್ ತಪ್ಪಿಸಿ ಬಾಲ್ ಕಸಿದಳು. ನಾನು ಟವೆಲ್ ಕಚ್ಚಿಕೊಂಡು ಕೂತಿದ್ದೆ. ಒಂದು ಸಲವೂ ಕೂಗಲಿಲ್ಲ.

ಒಂದು ಸಲವೂ ಯಾರೂ ಬೆಂಚಿನ ಕಡೆ ನೋಡಲಿಲ್ಲ.

ಇದನ್ನೇ ಬೇಡಿಕೊಂಡಿದ್ದೆ. ಆದರೂ ಟವೆಲನ್ನು ಇನ್ನಷ್ಟು ಬಿಗಿಯಾಗಿ ಕಚ್ಚಿದೆ. ಸೀಟಿ ಬಿದ್ದಾಗ ಬುಗುರಿಯನ್ನು ಎತ್ತಿಕೊಂಡು ಕುಣಿದರು, ಆಮೇಲೆ ನನ್ನ ಹತ್ತಿರ ಬಂದರು, ಮೆಲ್ಲಗೆ, ಆಸ್ಪತ್ರೆಗೆ ನೋಡಲು ಬಂದವರ ಹಾಗೆ. ಹೊಟ್ಟೆಕಿಚ್ಚಾ? ಇರಬೇಕು. ಹೌದು.

ಫೆಬ್ರವರಿ 22

ಪ್ರಿನ್ಸಿಪಾಲರ ಕೋಣೆ. ಟೇಬಲ್ ಮೇಲೆ ಕಪ್. ನನ್ನ ಕೈ ಕುಲುಕಿದರು, ಮಾತಾಡಿದ್ದು ಬುಗುರಿಯೊಡನೆ. ಮಾತಾಡದವರ ಎದುರು ಜನ ನಾವು ಅಲ್ಲಿ ಇಲ್ಲವೆಂಬಂತೆಯೇ ಮಾತಾಡುತ್ತಾರೆ.

"ಎ ಗುಂಪು ಅಂದ್ರೆ ಸಣ್ಣ ವಿಷಯ ಅಲ್ಲ. ದನಿ ಇಲ್ಲದ ಕೋಚ್‌ನ ಕಳಿಸೋಕಾಗುತ್ತಾ? ಮೇಡಂ ಗಂಟಲು ಸರಿಹೋದ್ರೆ ಟೀಮ್ ಅವರದೇ. ಇಲ್ಲಾಂದ್ರೆ ಜೂನ್‌ನಿಂದ ನೀವು ನೋಡ್ಕೊಳ್ಳಿ."

ಬುಗುರಿ, "ಮೇಡಂ ದನಿ ಬಂದೇ ಬರುತ್ತೆ ಸರ್," ಎಂದಳು. ನಿಜವಾಗಿಯೇ ಅಂದಳು. ಕಾರಿಡಾರಿನಲ್ಲಿ ಅತ್ತಳು ಕೂಡ. ಅವಳ ಮೇಲೆ ಸಿಟ್ಟು ಮಾಡಿಕೊಳ್ಳಲೂ ಆಗುವುದಿಲ್ಲ, ಅದೇ ಕಷ್ಟ.

ಬರಬೇಕು. ದನಿ ಬರಬೇಕು. ಇದು ಬಿಟ್ಟು ನನಗೆ ಬೇರೆ ಏನೂ ಬಾರದು.

ಫೆಬ್ರವರಿ 26

ಆಪರೇಷನ್ ನಿನ್ನೆ ಆಯಿತು. ಅಮ್ಮನ ಜೊತೆ ಅಕ್ಕ ಇದ್ದಾಳೆ. ಕ್ಯಾಂಪಿಗೆ ಹೋಗಿದ್ದೇನೆಂದು ಅಮ್ಮ ತಿಳಿದಿದ್ದಾಳೆ. ಬಾಯಲ್ಲಿ ತುಕ್ಕಿನ ರುಚಿ. ಮಾರ್ಚ್ ಹನ್ನೊಂದರವರೆಗೆ ಒಂದಕ್ಷರವೂ ಕೂಡದು ಎಂದು ನರ್ಸ್ ಮಂಚಕ್ಕೆ ಚೀಟಿ ಅಂಟಿಸಿದ್ದಾಳೆ.

ಮಾರ್ಚ್ 2

ವರದಿ ಬಂತು. ಕೆಟ್ಟದ್ದೇನೂ ಇಲ್ಲ!

ಗಾಯವೂ ಚೆನ್ನಾಗಿ ಮಾಯುತ್ತಿದೆಯಂತೆ. "ಹೀಗೇ ಇದ್ರೆ ಹಳೇ ದನಿ ಪೂರ್ತಿ ಬರುತ್ತೆ," ಅಂದರು ಡಾಕ್ಟರ್. ಬಸ್ಸಿನಲ್ಲಿ ಹುಚ್ಚಿಯ ಹಾಗೆ ಒಬ್ಬಳೇ ನಗುತ್ತಾ ಬಂದೆ. ಪಕ್ಕದವಳು ಬ್ಯಾಗ್ ಸರಿಸಿಕೊಂಡಳು. ಹನ್ನೆರಡಕ್ಕೆ ಮೊದಲ ಮಾತು ಅಮ್ಮನಿಗೇ. ಎಲ್ಲವನ್ನೂ ಹೇಳುತ್ತೇನೆ, ಅವಳು ಬೈದುಕೊಂಡು ಅಳಲಿ.

ಅಕ್ಕ ಸಂಜೆ ತನ್ನ ಮನೆಗೆ ಹೋದಳು.

ಮಾರ್ಚ್ 5

ಬರೆಯಲು ಕೈ ಬರುತ್ತಿಲ್ಲ. ಆದರೂ.

ಬೆಳಿಗ್ಗೆ ಹಿತ್ತಲಿನಲ್ಲಿ ಬಟ್ಟೆ ಒಣಗಿಸುತ್ತಿದ್ದೆ. ಅಡುಗೆಮನೆಯ ಕಿಟಕಿ ಎದುರಿಗೇ, ಸರಳು ಹಾಕಿದ್ದು. ಒಳಗೆ ಹೋಗಲು ಮನೆಯನ್ನು ಸುತ್ತಿ ಮುಂದಿನ ಬಾಗಿಲಿಗೇ ಹೋಗಬೇಕು. ಅಮ್ಮ ಒಲೆಯ ಮುಂದೆ ನಿಂತು ಹಾಲು ನೋಡುತ್ತಿದ್ದಳು, ನನಗೆ ಬೆನ್ನು. ಪಕ್ಕದ ಉರಿಯನ್ನು ಆರಿಸಿರಲಿಲ್ಲ. ಚಳಿಗೆ ಹೊದ್ದ ಶಾಲಿನ ತುದಿ ಜಾರಿ ಅದರ ಮೇಲೆ ಬಿತ್ತು. ಹೊಗೆ ಬಂತು. ಆಮೇಲೆ ಬೆಂಕಿ, ಸಣ್ಣಗೆ, ಮೇಲಕ್ಕೆ ಹತ್ತುತ್ತಾ. ಅವಳಿಗೆ ಗೊತ್ತೇ ಆಗಲಿಲ್ಲ.

ಕಿಟಕಿ ಬಡಿದೆ. ಬಕೆಟ್ ಎತ್ತಿ ಸರಳಿಗೆ ಕುಕ್ಕಿದೆ. ಕೇಳಿದರೆ ತಾನೇ. ಓಡಿದರೆ, ಸುತ್ತು ಹಾಕಿ ಹೋಗುವಷ್ಟರಲ್ಲಿ...

ಕೂಗಿದೆ. ಅಮ್ಮಾ ಎಂದು. ಇದ್ದಬದ್ದ ಉಸಿರನ್ನೆಲ್ಲ ಹಾಕಿ, ಕೋರ್ಟಿನಲ್ಲಿ ಕೂಗುತ್ತಿದ್ದ ಹಾಗೆ.

ಅಮ್ಮ ತಿರುಗಿದಳು. ಶಾಲು ನೋಡಿ ಕಿತ್ತು ಸಿಂಕಿಗೆ ಎಸೆದಳು, ನಲ್ಲಿ ಬಿಟ್ಟಳು. ಬೆರಳಿಗೆ ಸ್ವಲ್ಪ ಬಿಸಿ ತಾಗಿದೆ, ಅಷ್ಟೇ. ನಾನು ಸುತ್ತಿಕೊಂಡು ಒಳಗೆ ಓಡಿದಾಗ ಅವಳು ಸುಟ್ಟ ಶಾಲಿನ ಕಡೆ ನೋಡುತ್ತಲೇ ಇರಲಿಲ್ಲ. ನನ್ನನ್ನು ನೋಡುತ್ತಿದ್ದಳು, ಮುಖ ಅರಳಿಸಿಕೊಂಡು.

"ಅಂತೂ ಬಾಯಿ ಬಿಟ್ಟೆಯಲ್ಲ ನನ್ನ ತಾಯಿ! ಹೋಯ್ತಾ ಕೋಪ?"

ತಲೆಯಾಡಿಸಿದೆ. ಬಾಯಿ ತುಂಬಾ ರಕ್ತವಿತ್ತು. ನುಂಗಿದೆ.

ಮಾರ್ಚ್ 6

ಡಾಕ್ಟರ್ ಈ ಸಲ ಪರದೆಯನ್ನು ನನ್ನ ಕಡೆ ತಿರುಗಿಸಲಿಲ್ಲ.

"ಏನಂತ ಕೂಗಿದ್ರಿ?"

ಬರೆದು ತೋರಿಸಿದೆ. ಕನ್ನಡಕ ತೆಗೆದು ಒರೆಸಿಕೊಂಡರು. ಒರೆಸುತ್ತಲೇ ಇದ್ದರು.

"ಪಕ್ಕದಲ್ಲಿ ಕೂತೋರಿಗೆ ಕೇಳೋಷ್ಟು ಬರಬಹುದು. ಮುಂಚಿನ ಹಾಗೆ... ಆ ಆಸೆ ಬಿಟ್ಟುಬಿಡಿ."

ಬುಗುರಿಗೆ ಮೆಸೇಜ್ ಹಾಕಿದೆ, ಜೂನ್‌ನಿಂದ ನೀನೇ ನೋಡಿಕೋ ಎಂದು. ಫೋನ್ ಬಡಿದುಕೊಳ್ಳುತ್ತಲೇ ಇದೆ. ಎತ್ತಿ ಏನು ಮಾಡಲಿ.

ಅಮ್ಮ ನಿನ್ನೆಯಿಂದ ನನ್ನ ಹಿಂದೆ ಹಿಂದೆಯೇ. ಎರಡು ತಿಂಗಳು ಪಾತ್ರೆಗಳಿಗೆ ಹೇಳಿದ್ದನ್ನೆಲ್ಲ ಈಗ ನನಗೆ ಹೇಳುತ್ತಿದ್ದಾಳೆ. ಈಗ ಬಂದು ಪಕ್ಕದಲ್ಲೇ ಕೂತಿದ್ದಾಳೆ, ಮೊಣಕಾಲಿಗೆ ಮೊಣಕಾಲು ತಾಗುವ ಹಾಗೆ, ಕಿವಿಯನ್ನು ನನ್ನ ಕಡೆ ಒಡ್ಡಿಕೊಂಡು.

"ಬರೆದಿದ್ದು ಸಾಕು. ಪೆನ್ನು ಇಡು. ನಿನ್ನೆ ಕರೆದ್ಯಲ್ಲ, ಹಾಗೇ ಇನ್ನೊಂದು ಸಲ ಕರಿ."

ಇಟ್ಟರೆ ಬಾಯಿ ತೆರೆಯಬೇಕು. ತೆರೆದರೆ ಅವಳಿಗೆ ಗೊತ್ತಾಗುತ್ತದೆ. ಕೈ ಹಿಡಿದು ಎಳೆಯುತ್ತಿದ್ದಾಳೆ, ಅಕ್ಷರ ಸೊಟ್ಟಗಾಗುತ್ತಿದೆ. ತಡಿ ಅಮ್ಮ, ಇನ್ನೊಂದೇ ಸಾಲು, ಇನ್ನೊಂದೇ