ಇಲ್ಲದ ಕಿಣ್ವದ ಗೆರೆ

ಅಕ್ಕಾ,

ನಿನ್ನೆ ಊಟಕ್ಕೆ ಕೂತಾಗ "ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ, ನಿನಗೆ ಎಲ್ಲದರ ಮೇಲೂ ಅನುಮಾನ" ಅಂತ ನನ್ನನ್ನು ಅಂದೆಯಲ್ಲ, ಅದಕ್ಕೇ ಇವತ್ತು ಲ್ಯಾಬಿನಲ್ಲಿ ಕಿಣ್ವವನ್ನು ಪತ್ತೆಹಚ್ಚುವ ನಿನ್ನ ಆ್ಯಂಟಿಬಾಡಿಯನ್ನೇ ಒರೆಗೆ ಹಚ್ಚಿ ನೋಡಿದೆ.

ಸಕ್ಕರೆ ಅರಗಿಸುವ ಆ ಕಿಣ್ವ ಇದ್ದಲ್ಲಿ ಮಾತ್ರ ಅದು ಪರೀಕ್ಷೆಯ ಹಾಳೆಯ ಮೇಲೆ ಕಪ್ಪು ಗೆರೆ ಮೂಡಿಸಬೇಕು. ಹುಟ್ಟಿನಿಂದಲೇ ಆ ಕಿಣ್ವ ಇಲ್ಲದ ಇಲಿಯ ಅಂಗಾಂಶದ ಮಾದರಿಯಲ್ಲೂ ಮೂಡಿಸಿತು, ಅಷ್ಟೇ ಕಪ್ಪಗೆ. ಕಾಮಾಲೆ ಯಾರಿಗೆ, ನನಗೋ ನಿನ್ನ ಸೀಸೆಗೋ?

ನಾಳೆ ನಮ್ಮ ಸಂಶೋಧನಾ ಪ್ರಬಂಧ ಪತ್ರಿಕೆಗೆ ಕಳಿಸಬೇಡ. ಅಮ್ಮನಿಗೆ ನಾನೇನೂ ಹೇಳಿಲ್ಲ. ಒಂದು ಮಾತ್ರ ತಿಳಿಸು. ಆ ಇಲಿಯ ಮಾದರಿಯನ್ನು ಇದುವರೆಗೂ ಮುಟ್ಟೇ ಇಲ್ಲ ಅಂತ ನೀನು ಹೇಳಿದ್ದೆ. ಫ್ರೀಜರಿನ ಬೀಗದ ಕೈ ಇರೋದು ನಮ್ಮಿಬ್ಬರ ಹತ್ತಿರ ಮಾತ್ರ. ಅದರ ಕೊಳವೆ ನನ್ನ ಕೈಗೆ ಬಂದಾಗಲೇ ಅರ್ಧ ಖಾಲಿಯಾಗಿತ್ತಲ್ಲ, ಯಾಕೆ?

ಇನ್ನೂ ನಿನ್ನವಳೇ ಆದ
ತಂಗಿ